ಬಲಮೂಲೆಯಕ್ಕ

ಟೆಲಿವಿಷನ್ ಕಂಡುಹಿಡಿದ ಮಹಾನುಭಾವ ಯಾರೋ ಬಲಮೂಲೆಯಕ್ಕನಿಗೆ ಗೊತ್ತಿರಲಿಲ್ಲ. ಆದರೆ ಅದರ ಮೂಲೆಯಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿ, ಅವಳ ಕೈಗಳನ್ನೇ ಮುಚ್ಚಿಹಾಕಬಹುದು ಎಂದು ಕಂಡುಹಿಡಿದವನು ಯಾರು ಎಂಬುದು ಚೆನ್ನಾಗಿ ಗೊತ್ತಿತ್ತು. ಅವನು ಅವಳು ಕೆಲಸ ಮಾಡುವ ಚಾನೆಲ್ಲಿನ ಕಟ್ಟಡದಲ್ಲೇ, ಮೂರನೆಯ ಮಹಡಿಯಲ್ಲಿ ಕೂರುತ್ತಿದ್ದ. ಚಾನೆಲ್ಲಿನ ಪರದೆಯ ಮೇಲೆ ಯಾವ ಅಕ್ಷರ ಎಲ್ಲಿ ಬರಬೇಕು, ಯಾವ ಚಿತ್ರ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವ ಗ್ರಾಫಿಕ್ಸ್ ಸಾಹೇಬ. ವರ್ಷಕ್ಕೆ ನಾಲ್ಕು ಸಲವಾದರೂ ಅಕ್ಕ ದರ್ಜಿಯ ಟೇಪು ಹಿಡಿದು ಅವನ ಮೇಜಿನ ಮುಂದೆ ನಿಲ್ಲುತ್ತಿದ್ದಳು.

“ಹೋದ ವರ್ಷ ಪರದೆ ಮೇಲೆ ನನ್ನ ಚಿತ್ರ ನಾಲ್ಕು ಬೆರಳಗಲ ಇತ್ತು. ಈಗ ಅಳೆದು ನೋಡ್ದೆ, ಮೂರಾಗಿದೆ. ಹೀಗೇ ಹೋದ್ರೆ ಮುಂದಿನ ವರ್ಷ ನಾನು ಇರುವೆ ಥರ ಕಾಣ್ತೀನಿ.”

“ಮೇಡಂ, ಜಾಗ ಎಲ್ಲಿದೆ ನೀವೇ ಹೇಳಿ. ಮೇಲೆ ಬ್ರೇಕಿಂಗ್ ನ್ಯೂಸ್, ಕೆಳಗೆ ಓಡೋ ಸಾಲು, ಎಡಗಡೆ ಹವಾಮಾನ, ಅದರ ಮೇಲೆ ಜಾಹೀರಾತು.”

“ಊರಲ್ಲಿರೋರಿಗೆಲ್ಲ ಜಾಗ ಇದೆ. ನನ್ನ ಕೈಗೆ ಮಾತ್ರ ಇಲ್ಲ.”

“ಚೌಕ ತೆಗೆದು ದುಂಡಗೆ ಮಾಡಿದೀವಲ್ಲ ಮೇಡಂ! ಎಷ್ಟು ಮಾಡರ್ನ್ ಆಗಿದೆ!”

“ದುಂಡಗೆ ಮಾಡಿದ್ರಿ, ಮೊಣಕೈ ಎರಡೂ ಹೊರಗೆ ಹೋದ್ವು. ‘ಮಳೆ’ ಅಂತ ಕೈ ಮೇಲೆತ್ತಿದ್ರೆ ಬೆರಳು ಕಾಣಲ್ಲ. ‘ಪ್ರವಾಹ’ ಅಂತ ಅಗಲಿಸಿದ್ರೆ ಎರಡು ಕೈಯೂ ನಾಪತ್ತೆ. ನೋಡೋರಿಗೆ ನಾನೇನೋ ಸೊಳ್ಳೆ ಓಡಿಸ್ತಿದೀನಿ ಅನ್ಸುತ್ತೆ.”

ಸಾಹೇಬ ನಕ್ಕು, “ನೋಡೋಣ ಮೇಡಂ” ಎನ್ನುತ್ತಿದ್ದ. ಅವನು ನೋಡುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದಂತೆ ಅಕ್ಕ ಮೆಟ್ಟಿಲಿಳಿದು ಬರುತ್ತಿದ್ದಳು. ಟೇಪು ಸುತ್ತಿ ಚೀಲಕ್ಕೆ ಹಾಕುವಾಗ ಅವಳ ಬಾಯಲ್ಲಿ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅವಳ ಕೆಲಸವೇನೆಂದರೆ, ಸಂಜೆ ಐದರ ಸುದ್ದಿಯನ್ನು ಕಿವಿ ಕೇಳದವರಿಗೆ ಸನ್ನೆ ಭಾಷೆಯಲ್ಲಿ ಹೇಳುವುದು. ಸುದ್ದಿ ಓದುವವಳಿಗೆ ದೊಡ್ಡ ಸ್ಟುಡಿಯೊ, ಗಾಜಿನ ಮೇಜು, ಹದಿನಾರು ದೀಪ. ಅಕ್ಕನಿಗೆ ಪಕ್ಕದ ಸಾಮಾನು ಕೋಣೆ. ಅಲ್ಲಿ ಒಂದು ಹಸಿರು ಪರದೆ, ಒಂದು ಕ್ಯಾಮೆರಾ, ಕಾಲು ಮುರಿದ ಸ್ಟೂಲು. ಕೈಗಳು ಎದ್ದು ಕಾಣಲೆಂದು ದಿನಾ ಅದೇ ಕಡುನೀಲಿ ಅಂಗಿ ತೊಡಬೇಕು. ಬಳೆ, ಉಂಗುರ, ಉಗುರಿನ ಬಣ್ಣ ಯಾವುದೂ ಕೂಡದು. ಕಿವಿಗೆ ಸಿಕ್ಕಿಸಿಕೊಂಡ ತಂತಿಯಲ್ಲಿ ಸುದ್ದಿ ಬರುತ್ತದೆ, ಅಕ್ಕನ ಕೈಯಿಂದ ಹೊರಗೆ ಹೋಗುತ್ತದೆ. ಅವಳೆದುರಿನ ಚಿಕ್ಕ ಟಿ.ವಿ.ಯಲ್ಲಿ ಬರೀ ಚಿತ್ರ ಕಾಣುತ್ತಿತ್ತೇ ಹೊರತು ಆಮೇಲೆ ಅದರ ಮೇಲೆ ಏನೇನು ಮೆತ್ತುತ್ತಾರೆ ಎಂಬುದು ಕಾಣುತ್ತಿರಲಿಲ್ಲ. ಪರದೆಯ ಬಲಮೂಲೆಯಲ್ಲಿ ಇರುವವಳೆಂದು ಕ್ಯಾಂಟೀನಿನವರು ಅವಳನ್ನು ‘ಬಲಮೂಲೆಯಕ್ಕ’ ಎಂದು ಕರೆದರು, ಅದೇ ನಿಂತುಬಿಟ್ಟಿತು.

ಸುದ್ದಿ ಓದುವವಳು ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಓದುತ್ತಿದ್ದಳು. “ಸ್ವಲ್ಪ ಉಸಿರು ತಗೊಳ್ಳಮ್ಮ, ನನಗಿರೋದು ಎರಡೇ ಕೈ” ಎಂದು ಅಕ್ಕ ಬೇಡಿಕೊಂಡದ್ದು ಎಷ್ಟು ಸಲವೋ. ಇನ್ನು ಚರ್ಚೆ ಅಂತ ಆರು ಜನರನ್ನು ಕೂರಿಸಿದ ದಿನ ಕೇಳುವುದೇ ಬೇಡ. ಆರೂ ಜನ ಒಟ್ಟಿಗೆ ಅರಚುತ್ತಿದ್ದರು. ಮೊದಮೊದಲು ಅಕ್ಕ ಒಬ್ಬೊಬ್ಬರನ್ನೂ ಹಿಡಿದು ಹೇಳಲು ಹೋಗಿ ಭುಜ ಉಳುಕಿಸಿಕೊಂಡಳು. ಆಮೇಲೆ, “ಆರು ಜನ ಕೂಗಾಡುತ್ತಿದ್ದಾರೆ, ಯಾರೂ ಯಾರ ಮಾತೂ ಕೇಳುತ್ತಿಲ್ಲ” ಎಂದು ಒಂದು ಸಲ ಹೇಳಿ, ಕೈಕಟ್ಟಿ ನಿಂತುಬಿಡುತ್ತಿದ್ದಳು. ಇಡೀ ಚಾನೆಲ್ಲಿನಲ್ಲಿ ಚರ್ಚೆಯ ಸಾರಾಂಶವನ್ನು ನಿಜವಾಗಿ ಹೇಳಿದವಳು ಅವಳೊಬ್ಬಳೇ.

ಇಷ್ಟೆಲ್ಲ ರೇಗಾಟ, ಟೇಪು ಹಿಡಿದ ಜಗಳ ಯಾರಿಗಾಗಿ? ದೇಶದ ಕಿವುಡರಿಗೆಲ್ಲ ಎಂದು ಸಭೆಯಲ್ಲಿ ಹೇಳಬಹುದಿತ್ತು. ಅಕ್ಕ ಸಭೆಗಳಲ್ಲಿ ಮಾತಾಡುವವಳಲ್ಲ. ಒಬ್ಬ ಮನುಷ್ಯನಿಗಾಗಿ ಅಷ್ಟೇ. ಅಪ್ಪ ನೋಡುತ್ತಾನೆ, ಅಪ್ಪನಿಗೆ ಕಾಣಬೇಕು.

ಅಪ್ಪ ಹುಟ್ಟು ಕಿವುಡ, ಮಾತಿಲ್ಲ. ಪುಸ್ತಕಗಳ ಬೈಂಡಿಂಗ್ ಮಾಡುವವನು. ಅವನ ಕಾಲದಲ್ಲಿ ಅಂಥವರನ್ನು ಶಾಲೆಗೆ ಸೇರಿಸುತ್ತಿರಲಿಲ್ಲ. ಹಾಗಾಗಿ ಐವತ್ತು ವರ್ಷ ಸಾವಿರಾರು ಪುಸ್ತಕ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿದವನಿಗೆ ಅದರಲ್ಲಿ ಒಂದು ಸಾಲು ಓದಲು ಬರುತ್ತಿರಲಿಲ್ಲ. ಅವನು ಮೊದಲು ಟಿ.ವಿ. ನೋಡಿದ್ದು ಮೂವತ್ತೆರಡರ ಪ್ರಾಯದಲ್ಲಿ, ಪೇಟೆಯ ಒಂದು ಅಂಗಡಿಯ ಗಾಜಿನಾಚೆ. ಸಂಜೆಯಾದರೆ ಬೀದಿಯ ಜನವೆಲ್ಲ ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ಪೆಟ್ಟಿಗೆ ಒಳಗೆ, ಜನ ಹೊರಗೆ, ಸದ್ದು ಯಾರಿಗೂ ಕೇಳಿಸದು. ತುಟಿ ಆಡುತ್ತಿದೆ, ಏನೆಂದು ತಿಳಿಯದೆ ಎಲ್ಲರೂ ಮಿಕಮಿಕ ನೋಡುತ್ತಿದ್ದರು. ಆಗ ಅಪ್ಪ ಮುಂದೆ ಬಂದು, ಮುಖ ನೋಡಿಯೇ ಕಥೆ ಹಿಡಿದು, ಇವನು ಕಳ್ಳ, ಇವಳಿಗೆ ಅನುಮಾನ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಕೈಬಾಯಿ ಮಾಡಿ ತೋರಿಸುತ್ತಿದ್ದನಂತೆ. ಬೀದಿಯೇ ಅವನನ್ನು ಮುಂದಿನ ಸಾಲಿಗೆ ತಳ್ಳುತ್ತಿತ್ತಂತೆ. “ಆ ಒಂದು ವರ್ಷ ಊರೆಲ್ಲ ಕಿವುಡು, ನಾನೊಬ್ಬ ದೊಡ್ಡ ಮನುಷ್ಯ” ಎಂದು ಇವತ್ತಿಗೂ ಹೇಳಿಕೊಂಡು ನಗುತ್ತಾನೆ.

ಆಮೇಲೆ ಟಿ.ವಿ. ಮನೆಯೊಳಗೆ ಬಂತು, ಸದ್ದೂ ಬಂತು, ಅಪ್ಪನ ದೊಡ್ಡಸ್ತಿಕೆ ಹೋಯಿತು. ಎಂಟು ವರ್ಷದ ಮಗಳಿಗೆ ಕೆಲಸ ಶುರುವಾಯಿತು. ಕಿವಿ ಕೇಳುವ ಅವಳು ಪ್ರತಿ ಮಾತನ್ನೂ ಅಪ್ಪನಿಗೆ ಕೈಯಲ್ಲಿ ಹೇಳಬೇಕಿತ್ತು. ಅಪ್ಪನ ಪ್ರಶ್ನೆಗಳೋ ಮುಗಿಯುತ್ತಲೇ ಇರಲಿಲ್ಲ.

“ಅವನ್ಯಾಕೆ ಅಳ್ತಿದಾನೆ?”

“ಅಳ್ತಿಲ್ಲಪ್ಪ, ಹಾಡ್ತಿದಾನೆ.”

“ಇಷ್ಟೊತ್ತು?”

“ಇನ್ನೂ ಎರಡು ಚರಣ ಇದೆ.”

“ಅಷ್ಟರಲ್ಲಿ ಅವಳು ಓಡಿ ಹೋಗಬಾರದಾ?”

ನೆರೆಮನೆಯವರೆಲ್ಲ ಚಾಪೆಯ ಮೇಲೆ ಕೂತು ಹಾಯಾಗಿ ನೋಡುತ್ತಿದ್ದರೆ ಹುಡುಗಿಗೆ ಮೈಯೆಲ್ಲ ಉರಿಯುತ್ತಿತ್ತು. ಹುಟ್ಟಿದಾಗಲೇ ಹುಬ್ಬು ಗಂಟಿಕ್ಕಿಕೊಂಡು ಬಂದವಳೆಂದು ಅಪ್ಪ ಅವಳಿಗೆ ಇಟ್ಟ ಸನ್ನೆ ಹೆಸರೇ ಎರಡು ಬೆರಳಲ್ಲಿ ಹುಬ್ಬಿನ ನಡುವೆ ತಟ್ಟುವುದು. ಅಪ್ಪನಿಗೂ ಅವನ ಗೆಳೆಯರಿಗೂ ಅವಳು ಎಂದೆಂದಿಗೂ ‘ಗಂಟುಹುಬ್ಬು’.

ಅವಳು ಇಪ್ಪತ್ತಮೂರರಲ್ಲಿದ್ದಾಗ ಸರ್ಕಾರಿ ಟಿ.ವಿ. ಕೇಂದ್ರದವರು ಕಿವಿ ಕೇಳದವರಿಗೆಂದು ವಾರಕ್ಕೊಮ್ಮೆ ಸುದ್ದಿ ಶುರುಮಾಡಿ, ಸನ್ನೆಗೆ ಅವಳನ್ನು ತೆಗೆದುಕೊಂಡರು. ಇದ್ದದ್ದು ಒಂದೇ ಚಾನೆಲ್ಲು. ಭಾನುವಾರ ಮಧ್ಯಾಹ್ನ ಹದಿನೈದು ನಿಮಿಷ, ಅರ್ಧ ಪರದೆ ಓದುವವಳಿಗೆ, ಅರ್ಧ ಪರದೆ ಅಕ್ಕನಿಗೆ. ಅಳತೆ ಬೇಕಿದ್ದರೆ, ಗೇಣುದ್ದಕ್ಕೂ ಮೇಲೆ! ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನೂ ಅವನ ಆರು ಕಿವುಡ ಗೆಳೆಯರೂ ಸೇರಿ ಒಂದು ಟಿ.ವಿ. ಇಟ್ಟುಕೊಂಡರು. ಯುದ್ಧ, ಚುನಾವಣೆ, ಚಂದ್ರನ ಮೇಲಿನ ಕಲ್ಲು ಎಲ್ಲವೂ ಮೊದಲ ಬಾರಿಗೆ ಅವರಿಗೆ ನೇರವಾಗಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಅಪ್ಪ ಅಂಗಡಿಯ ಯಜಮಾನನ ಅಂಗಿ ಹಿಡಿದೆಳೆದು ಸುದ್ದಿ ಹೇಳುತ್ತಿದ್ದ. ಯಜಮಾನನಿಗೆ ಅರ್ಥವಾಗದಿದ್ದರೆ, ಪಾಪ, ಅವನಿಗೆ ತಿಳಿವಳಿಕೆ ಕಡಿಮೆ ಎಂದು ಬಿಟ್ಟುಬಿಡುತ್ತಿದ್ದ.

ಆಮೇಲಿನದ್ದೆಲ್ಲ ನಿಮಗೂ ಗೊತ್ತಿರುವುದೇ. ಒಂದು ಚಾನೆಲ್ಲು ಹತ್ತಾಯಿತು, ಹತ್ತು ಮುನ್ನೂರಾಯಿತು. ಟಿ.ವಿ. ಗೋಡೆಯಗಲ ಬೆಳೆಯಿತು, ಅಕ್ಕ ಸಣ್ಣಗಾಗುತ್ತ ಹೋದಳು. ವಾರದ ಸುದ್ದಿ ನಿಂತುಹೋಯಿತು. ದಿನಕ್ಕೊಂದು ಸುದ್ದಿಯಲ್ಲಾದರೂ ಸನ್ನೆಯವರು ಇರಲೇಬೇಕೆಂದು ಎಲ್ಲೋ ಒಂದು ನಿಯಮ ಬಂದದ್ದರಿಂದ ಈ ಖಾಸಗಿ ಚಾನೆಲ್ಲು ಅವಳನ್ನು ಕರೆದುಕೊಂಡಿತು. ಇರಬೇಕು ಎಂದು ನಿಯಮವಿತ್ತು, ಕಾಣಬೇಕು ಎಂದಿರಲಿಲ್ಲ. ಗೇಣು ಹೋಗಿ ಆರು ಬೆರಳಾಯಿತು, ಆರು ನಾಲ್ಕಾಯಿತು, ನಾಲ್ಕು ಮೂರಾಯಿತು.

ಅಪ್ಪನಿಗೆ ಈಗ ಎಪ್ಪತ್ತೆಂಟು. ಅಂಗಡಿಗೆ ಹೋಗುವುದು ಬಿಟ್ಟಿದ್ದರೂ ಮೇಲಿನ ಕೋಣೆ ಬಿಟ್ಟಿರಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಏಳೂ ಮುದುಕರು ಬೆಂಚಿನ ಮೇಲೆ ಹಾಜರು. ಸುದ್ದಿ ಮುಗಿದೊಡನೆ ಅಕ್ಕ ಮೊಬೈಲಿನಲ್ಲಿ ಅಪ್ಪನಿಗೆ ವಿಡಿಯೊ ಕರೆ ಮಾಡುತ್ತಿದ್ದಳು.

“ಕಾಣಿಸ್ತಾ?”

ಅಪ್ಪ ಹೆಬ್ಬೆರಳು ಎತ್ತುತ್ತಿದ್ದ. “ಚೆನ್ನಾಗಿ ಕಾಣಿಸ್ತು. ಊಟ ಮಾಡು ಹೋಗು.”

ಆ ಹೆಬ್ಬೆರಳೊಂದಕ್ಕಾಗಿ ಅವಳು ಸಾಹೇಬನನ್ನೂ, ಸಾಮಾನು ಕೋಣೆಯನ್ನೂ, ಬಸ್ಸು ತಪ್ಪೀತೆಂಬಂತೆ ಓದುವವಳನ್ನೂ ಸಹಿಸಿಕೊಂಡಿದ್ದಳು. ಗಂಡ ಬಸ್ಸಿನ ಡ್ರೈವರು, ಸಮಾಧಾನದ ಮನುಷ್ಯ. “ಅಷ್ಟು ಹೊಟ್ಟೆ ಉರ್ಕೊಂಡು ಯಾಕೆ ಹೋಗ್ತೀಯ, ಬಿಟ್ಟುಬಿಡು” ಎಂದರೆ, “ಬಿಟ್ರೆ ಅಪ್ಪನಿಗೆ ಸುದ್ದಿ ಹೇಳೋರು ಯಾರು? ನೀವು ಹೇಳ್ತೀರಾ? ಮೂವತ್ತು ವರ್ಷಕ್ಕೆ ‘ನೀರು’, ‘ಊಟ’ ಎರಡು ಕಲಿತಿದೀರಿ” ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅನಾಹುತವಾದದ್ದು ಒಂದು ಸೋಮವಾರ. ಹಳೇ ಪೇಟೆಯ ಕಡೆಗೆ ಹೋಗುವ ನೀರಿನ ಕೊಳವೆ ಒಡೆದು ಚರಂಡಿ ನೀರು ಸೇರಿಕೊಂಡಿತ್ತು. ಮೂರು ದಿನ ನಲ್ಲಿ ನೀರು ಕುದಿಸದೆ ಕುಡಿಯಬೇಡಿ ಎಂದು ಐದರ ಸುದ್ದಿಯಲ್ಲಿ ಹೇಳಿದರು. ಅಪ್ಪನ ಮನೆ, ಬೈಂಡಿಂಗ್ ಅಂಗಡಿ, ಆರು ಗೆಳೆಯರ ಮನೆ ಎಲ್ಲವೂ ಅದೇ ಹಳೇ ಪೇಟೆಯಲ್ಲಿ. ಅಕ್ಕ ಆವತ್ತು ಮೈಯೆಲ್ಲ ಕೈಯಾಗಿ ಹೇಳಿದಳು. ನೀರು, ಕೊಳಕು, ಬೇಡ, ಕುದಿಸಿ, ಮೂರು ದಿನ. ಓದುವವಳು ಮುಂದಿನ ಸುದ್ದಿಗೆ ಓಡಿಹೋದರೂ ಇವಳು ಓಡಲಿಲ್ಲ. ಅದನ್ನೇ ಮೂರು ಸಲ ಹೇಳಿ, ನಡುವೆ ಬಂದ ಮಂತ್ರಿಯ ಭಾಷಣವನ್ನು ಪೂರ್ತಿ ನುಂಗಿಹಾಕಿದಳು.

ಮುಗಿಸಿ ಹೊರಬಂದಾಗ ಮೊಬೈಲಿನಲ್ಲಿ ಚಾರ್ಜು ಇರಲಿಲ್ಲ. ಬಸ್ಸು ಬಂದೇಬಿಟ್ಟಿತ್ತು. ಹೋಗಲಿ, ಅಪ್ಪನಿಗೆ ಹೇಳಿಯಾಯಿತಲ್ಲ ಎಂದುಕೊಂಡು ಹತ್ತಿದಳು. ಬೇರೆ ಯಾವ ಮಗಳಾದರೂ ಮನೆಗೆ ಬಂದ ತಕ್ಷಣ ಅಪ್ಪನನ್ನು ಮಾತಾಡಿಸುತ್ತಿದ್ದಳು. ಮೂವತ್ತು ವರ್ಷ ಟಿ.ವಿ.ಯಲ್ಲೇ ಅಪ್ಪನ ಜೊತೆ ಮಾತಾಡಿದವಳಿಗೆ ಮಾತ್ರ ಟಿ.ವಿ.ಯಲ್ಲಿ ಹೇಳಿದರೆ ಅಪ್ಪನಿಗೇ ಹೇಳಿದಂತೆ ಅನ್ನಿಸಲು ಸಾಧ್ಯ.

ಮಂಗಳವಾರ ಕರೆ ಮಾಡಿದಾಗಲೂ ಅಪ್ಪ ಎಂದಿನಂತೆ ಹೆಬ್ಬೆರಳು ಎತ್ತಿದ. ಬುಧವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ವಾಂತಿಭೇದಿ. ಅಪ್ಪ ಮತ್ತು ಇಬ್ಬರು ಗೆಳೆಯರು ವಾರ್ಡಿನಲ್ಲಿ, ಉಳಿದ ನಾಲ್ವರು ಮನೆಯಲ್ಲೇ ಮಲಗಿದ್ದಾರೆ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಕೂತೇ ಸೋಮವಾರದ ಸುದ್ದಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿದಳು. ನೀರಿನ ಸುದ್ದಿ ಬರುತ್ತಿದ್ದಂತೆ ಪರದೆಯ ಕೆಳಗಿನಿಂದ ಒಂದು ಹಾಸಿಗೆಯ ಜಾಹೀರಾತು ಎದ್ದಿತ್ತು. ಅದು ಬಲಕ್ಕೆ ತಿರುಗಿ ಮೇಲೇರಿ, ಅಕ್ಕನ ಗಲ್ಲದವರೆಗೆ ಬಂದು ನಿಂತಿತ್ತು. ಹಾಸಿಗೆಯ ಮೇಲೆ ಅಕ್ಕನ ತಲೆಯೊಂದೇ ಇತ್ತು. ಕಣ್ಣರಳಿಸಿ, ಹುಬ್ಬು ಗಂಟಿಕ್ಕಿ ಅತ್ತಿತ್ತ ಅಲ್ಲಾಡುತ್ತಿತ್ತು. ಆ ತಲೆ ಏನು ಹೇಳುತ್ತಿದೆ ಎಂದು ಯಾರು ತಾನೇ ಊಹಿಸಿಯಾರು?

“ಇವರ ಮನೆ ಹಾಳಾಗ!” ಎಂದು ಅವಳು ಕೂಗಿದ ರಭಸಕ್ಕೆ ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರು.

ವಾರ್ಡಿನಲ್ಲಿ ಅಪ್ಪ ಮಲಗಿದ್ದ. ಮುಖ ಬತ್ತಿ ಹೋಗಿತ್ತು. ಗ್ಲೂಕೋಸಿನ ಸೂಜಿ ಅಲುಗಾಡದಿರಲೆಂದು ನರ್ಸು ಅವನ ಬಲಗೈಯನ್ನು ರಟ್ಟಿಗೆ ಕಟ್ಟಿ ಪಟ್ಟಿ ಸುತ್ತಿದ್ದಳು. ಬಾಯಿ ಇರುವವರಿಗೆ ಅದು ಸೂಜಿ, ಅಪ್ಪನಿಗೆ ನಾಲಗೆ ಕಟ್ಟಿದಂತೆ. ಪಕ್ಕದ ಎರಡು ಮಂಚಗಳ ಮೇಲೆ ಗುಂಗುರು ಕೂದಲಿನ ಗೆಳೆಯನೂ ಬೀಗ ರಿಪೇರಿಯ ಗೆಳೆಯನೂ ಅದೇ ಸ್ಥಿತಿಯಲ್ಲಿದ್ದರು.

ಅಕ್ಕ ಚೀಲ ಎಸೆದು ಎರಡೂ ಕೈಯಲ್ಲಿ ಶುರುಮಾಡಿದಳು. “ಹೇಳಿದ್ದೆ ಅಪ್ಪ! ಮೂರು ಸಲ ಹೇಳಿದ್ದೆ! ಆ ಹಾಳು ಹಾಸಿಗೆ ನನ್ನ ಕೈ ಮುಚ್ಚಿಬಿಡ್ತು. ನಿಂಗೆ ಆವತ್ತು ಕಾಣಿಸ್ಲಿಲ್ಲ. ಆ ಸಾಹೇಬನ್ನ ನಾನು ಸುಮ್ಮನೆ ಬಿಡಲ್ಲ.”

ಅಪ್ಪ ಎಡಗೈ ಎತ್ತಿ ಅವಳನ್ನು ತಡೆದ. ಒಂದೇ ಕೈಯಲ್ಲಿ ನಿಧಾನವಾಗಿ ಕೇಳಿದ. “ಯಾವ ಹಾಸಿಗೆ?”

“ಜಾಹೀರಾತು, ಸೋಮವಾರದ್ದು.”

ಅಪ್ಪ ಗುಂಗುರು ಕೂದಲಿನವನ ಕಡೆ ನೋಡಿದ. ಅವನು ಕಣ್ಣು ತಪ್ಪಿಸಿ ಗೋಡೆ ನೋಡಿದ. ಬೀಗದವನು ಹೊದಿಕೆ ಎಳೆದುಕೊಂಡ. ಮೂರು ಮುದುಕರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಕಂಡರು.

“ಹಾಸಿಗೆ ನಾವು ನೋಡಿಲ್ಲ,” ಎಂದಿತು ಅಪ್ಪನ ಎಡಗೈ. “ನಿನ್ನ ಕೈ ಕಾಣದೆ ಎರಡು ವರ್ಷ ಆಯ್ತು.”

ಅಕ್ಕ ಎತ್ತಿದ್ದ ಕೈಗಳನ್ನು ಇಳಿಸಿದಳು.

“ಅದು ಚಿಕ್ಕದಾಯ್ತು, ನಮ್ಮ ಕಣ್ಣು ಮಂಜಾಯ್ತು. ಬೆರಳು ಅಲ್ಲಾಡೋದು ಗೊತ್ತಾಗುತ್ತೆ, ಮಾತು ಗೊತ್ತಾಗಲ್ಲ.”

“ದಿನಾ ಚೆನ್ನಾಗಿ ಕಾಣ್ತು ಅಂತಿದ್ದೆ! ದಿನಾ ಹೆಬ್ಬೆರಳು ಎತ್ತುತ್ತಿದ್ದೆ!”

“ಇಲ್ಲ ಅಂದಿದ್ರೆ ನೀನು ಅಲ್ಲಿ ಜಗಳ ಮಾಡ್ತಿದ್ದೆ. ಜಗಳ ಮಾಡಿದ್ರೆ ಕೆಲಸದಿಂದ ತೆಗಿತಿದ್ರು.”

“ಮತ್ತೆ ಸುದ್ದಿ? ಎರಡು ವರ್ಷ ಏನು ನೋಡ್ತಾ ಕೂತಿದ್ರಿ ಏಳು ಜನ?”

ಗುಂಗುರು ಕೂದಲಿನವನಿಗೆ ಈಗ ಸುಮ್ಮನಿರಲು ಆಗಲಿಲ್ಲ. “ಊಹೆ ಮಾಡ್ತಿದ್ವಿ. ಮಂತ್ರಿ ಅತ್ರೆ ಯಾರೋ ದೊಡ್ಡೋರು ಸತ್ರು. ಮಂತ್ರಿ ನಕ್ರೆ ನಾವು ಸತ್ವಿ.” ಹೇಳಿ ತಾನೇ ನಕ್ಕ.

ಅಪ್ಪ ನಗಲಿಲ್ಲ. “ನಿನ್ನ ಮುಖ ನೋಡ್ತಿದ್ದೆ,” ಎಂದ. “ನಿದ್ದೆ ಆಗಿದೆಯಾ ಇಲ್ಲವಾ, ಅಳಿಯನ ಜೊತೆ ಜಗಳ ಆಡಿ ಬಂದಿದೀಯಾ ಅಂತ. ಅಷ್ಟು ಗೊತ್ತಾಗುತ್ತೆ.”

ಅಕ್ಕನಿಗೆ ಅಳು ಬಂತು. ಅಳುವುದಕ್ಕಿಂತ ಬೈಯುವುದು ಅವಳಿಗೆ ಸುಲಭ. ಹಾಗಾಗಿ ಬೈದಳು. ನೀನು ಸುಳ್ಳುಗಾರ, ನೀನು ಸುಳ್ಳುಗಾರರ ಸರದಾರ, ನಿನ್ನ ಗೆಳೆಯರು ನಿನ್ನ ಬಾಲ ಹಿಡಿದವರು, ನಾನೊಬ್ಬಳು ಮೂರ್ಖಳು, ಯಾರಿಗೂ ಕಾಣದ ಕೈ ಆಡಿಸುವುದಕ್ಕೆ ಎರಡೆರಡು ಬಸ್ಸು ಹತ್ತಿ ಹೋಗುತ್ತಿದ್ದೆ, ನಿನಗೇನಾದರೂ ಆಗಿದ್ದರೆ ನಾನು ಯಾರ ಮುಖ ನೋಡಬೇಕಿತ್ತು ಎಂದು ಭುಜದಿಂದ ಬೆರಳ ತುದಿಯವರೆಗೆ ಬೀಸಿ ಬೀಸಿ ಬೈದಳು. ನರ್ಸು ಬಾಗಿಲಲ್ಲಿ ಗಾಬರಿಯಾಗಿ ನಿಂತಳು. ಮೂವರು ಮುದುಕರು ಮಾತ್ರ ದಿಂಬಿಗೆ ಒರಗಿ, ಒಂದು ಮಾತೂ ಬಿಡದೆ, ಕಣ್ಣು ಕೀಲಿಸಿ ನೋಡುತ್ತಿದ್ದರು. ಎರಡು ವರ್ಷದಲ್ಲಿ ಅವರಿಗೆ ಪೂರ್ತಿ ಅರ್ಥವಾದದ್ದು ಅದೊಂದೇ.

ಅವಳು ಸುಸ್ತಾಗಿ ಕೂತ ಮೇಲೆ ಬೀಗದವನು ಹೊದಿಕೆಯಿಂದ ಕೈ ಹೊರಗೆ ಹಾಕಿದ. “ನೀರಿಗೆ ಏನಾಗಿತ್ತು ಅಂತ ಈಗಲಾದ್ರೂ ಹೇಳು.”

ನಾಲ್ಕು ದಿನ ಅವಳು ಆಸ್ಪತ್ರೆಯಲ್ಲೇ ಇದ್ದಳು. ಚಾನೆಲ್ಲಿಗೆ ಬರುವುದಿಲ್ಲವೆಂದು ಮೊದಲ ದಿನವೇ ತಿಳಿಸಿದ್ದಳು. ಐದನೆಯ ದಿನ ಅಪ್ಪನನ್ನು ಮನೆಗೆ ಬಿಟ್ಟು ನೇರವಾಗಿ ಚಾನೆಲ್ಲಿಗೆ ಹೋದಳು. ಈ ಸಲ ಟೇಪು ಒಯ್ಯಲಿಲ್ಲ. ಕಾಲು ಭಾಗ ಪರದೆ ಕೊಡಿ, ಇಲ್ಲವಾದರೆ ನನ್ನನ್ನು ತೆಗೆಯಿರಿ ಎಂದು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಸ್ಟುಡಿಯೊ ನೋಡಿಕೊಳ್ಳುವ ಮ್ಯಾನೇಜರು ಮೆಟ್ಟಿಲ ಬಳಿಯೇ ಸಿಕ್ಕ.

“ಅಪ್ಪ ಹೇಗಿದಾರೆ ಅಕ್ಕ? ಇಷ್ಟು ಬೇಗ ಯಾಕೆ ಬಂದ್ರಿ? ಇನ್ನೊಂದು ವಾರ ಆರಾಮಾಗಿ ಇದ್ದು ಬನ್ನಿ.”

“ನನ್ನ ಜಾಗದಲ್ಲಿ ಯಾರಿದಾರೆ?”

“ನೀವೇ!” ಅವನಿಗೆ ತನ್ನ ಜಾಣತನದ ಬಗ್ಗೆ ತುಂಬ ಖುಷಿಯಿತ್ತು. “ಹಳೇ ರೆಕಾರ್ಡಿಂಗ್ ಒಂದು ಸಿಕ್ತು, ಅದನ್ನೇ ಹಾಕ್ತಿದೀವಿ. ದಿನಾ ಒಂದೇ ನೀಲಿ ಅಂಗಿ ಅಲ್ವಾ, ಗೊತ್ತೇ ಆಗಲ್ಲ. ನಾಲ್ಕು ದಿನಕ್ಕೆ ಒಂದೂ ಕಂಪ್ಲೇಂಟ್ ಬಂದಿಲ್ಲ ಅಕ್ಕ!”

ಅಕ್ಕ ಅವನ ಮುಖವನ್ನೇ ನೋಡಿದಳು. ಅವನನ್ನು ಬೈದು ಏನು ಪ್ರಯೋಜನ? ಅವನು ಕೆಟ್ಟವನೂ ಅಲ್ಲ. ಹಿಂದೆ ಅವಳ ಭುಜ ಉಳುಕಿದಾಗ ಮುಲಾಮು ತಂದುಕೊಟ್ಟವನು.

“ಹಾಗಾದ್ರೆ ಇನ್ಮೇಲೆ ಅವಳನ್ನೇ ಇಟ್ಕೊಳ್ಳಿ,” ಎಂದಳು. “ಅವಳು ಜಗಳ ಮಾಡಲ್ಲ.”

ಮೂರನೆಯ ಮಹಡಿಗೆ ಹತ್ತಲೇ ಇಲ್ಲ.

ಈಗ ಐದು ಗಂಟೆಗೆ ಅಕ್ಕ ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುತ್ತಾಳೆ. ಏಳು ಮುದುಕರು ಬೆಂಚಿನ ಮೇಲೆ, ಅವಳು ಎದುರಿಗೆ, ಮಡಿಲಲ್ಲಿ ಪತ್ರಿಕೆ. ಅವಸರವಿಲ್ಲದೆ ಒಂದೊಂದೇ ಸುದ್ದಿ ಹೇಳುತ್ತಾಳೆ. ನಡುವೆ ಬಾಯಿ ಹಾಕಿದವರನ್ನು ಗದರುತ್ತಾಳೆ, ಎರಡು ವರ್ಷ ಮಾಡಿದ ತಪ್ಪು ಊಹೆಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತಾಳೆ. ಸತ್ತನೆಂದು ಅವರು ತೀರ್ಮಾನಿಸಿದ್ದ ಒಬ್ಬ ಮಂತ್ರಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ ಎಂದು ನಂಬಿಸಲು ಮೂರು ಸಂಜೆ ಬೇಕಾಯಿತು. ಟಿ.ವಿ. ಮಾತ್ರ ಆರಿಸಲು ಬಿಡುವುದಿಲ್ಲ, ಅಭ್ಯಾಸವಂತೆ. ಅದು ಅವಳ ಬೆನ್ನ ಹಿಂದೆ ಉರಿಯುತ್ತಲೇ ಇರುತ್ತದೆ.

ಮೊನ್ನೆ ಸುದ್ದಿಯ ನಡುವೆ ಅಪ್ಪ ಕೈಯೆತ್ತಿ ಅವಳ ಹಿಂದೆ ತೋರಿಸಿದ. “ಅಲ್ಲಿ ನೀನು ಏನು ಹೇಳ್ತಿದೀಯಾ?”

ಅಕ್ಕ ತಿರುಗಿದಳು. ಎಲ್ಲೋ ಕಟ್ಟಡ ಬಿದ್ದಿತ್ತು, ಜನ ಓಡುತ್ತಿದ್ದರು. ಬಲಮೂಲೆಯ ದುಂಡನೆಯ ಗೂಡಿನಲ್ಲಿ ನೀಲಿ ಅಂಗಿಯವಳು ಒಂದೇ ಸಮನೆ ಕೈ ಆಡಿಸುತ್ತಿದ್ದಳು. ಅಕ್ಕ ಎದ್ದು ಹತ್ತಿರ ಹೋದಳು. ಕನ್ನಡಕ ಹಾಕಿಕೊಂಡಳು, ತೆಗೆದಳು, ಮೂಗು ಗಾಜಿಗೆ ತಾಗುವಷ್ಟು ಬಾಗಿದಳು. ತನ್ನದೇ ಕೈ, ತನ್ನದೇ ಬೆರಳು. ಒಂದು ಮಾತೂ ತಿಳಿಯಲಿಲ್ಲ.

“ಗೊತ್ತಾಗ್ತಿಲ್ಲ ಅಪ್ಪ,” ಎಂದಳು.

ಅಪ್ಪ ತಲೆಯಾಡಿಸಿ, “ಬಾ, ಕೂತ್ಕೋ, ನೀನು ಮುಂದೆ ಹೇಳು” ಎಂದ.